ಫಕೀರವ್ವ ಅಡ್ಡ ಬರಲಿಲ್ಲ

ಫಕೀರವ್ವ ಅಡ್ಡ ಬರಲಿಲ್ಲ. ಮೊದಲು ಇದನ್ನು ಹೇಳಿ ಆಮೇಲೆ ಉಳಿದದ್ದು ಹೇಳುತ್ತೇನೆ. ಚಾವಡಿಯ ಕರಿಹಲಗೆಯ ಮೇಲೆ ನಾಲ್ಕು ತಿಂಗಳು ಅವಳ ಹೆಸರಿತ್ತು, ಹೆಸರಿನ ಮುಂದೆ ‘ಅಡ್ಡ’ ಎಂದು ಬರೆದಿತ್ತು, ಊರವರೆಲ್ಲ ದಿನವೂ ಅದನ್ನು ಓದಿಕೊಂಡೇ ಓಡಾಡಿದರು. ಶುದ್ಧ ಸುಳ್ಳು. ಚೆಂಡು ಅವಳದಾಗಿತ್ತು, ಜಾಗ ಅವಳದಾಗಿತ್ತು, ಬಂದು ಹಾಯ್ದವಳು ಬೇರೆಯವಳು. ಹತ್ತು ಹೆಜ್ಜೆ ದೂರದಲ್ಲಿ ನಿಂತು ನಾನೇ ನೋಡಿದ್ದೇನೆ. ನೋಡಿಯೂ ಬಾಯಿ ಬಿಡಲಿಲ್ಲ ಎನ್ನುವುದು ಇದರಲ್ಲಿ ನನ್ನ ಪಾಲು. ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಊರಿನ ಓಣಿಗಳು ಒಬ್ಬರೇ ನಡೆಯುವಷ್ಟು ಅಗಲ. ಎದುರಿನಿಂದ ಇನ್ನೊಬ್ಬರು ಬಂದರೆ ಯಾರಾದರೊಬ್ಬರು ಸರಿಯಲೇಬೇಕು. ಅದಕ್ಕೆಂದೇ ಇಪ್ಪತ್ತು ಹೆಜ್ಜೆಗೊಂದರಂತೆ ಗೋಡೆಯಲ್ಲಿ ಗೂಡುಗಳಿವೆ. ಆಳೊಬ್ಬ ಬೆನ್ನು ಹಚ್ಚಿ ನಿಲ್ಲುವಷ್ಟು ಗೂಡು. ಹೊರೆ ಹೊತ್ತವರಿಗೆ ಬರಿಗೈಯವರು ದಾರಿ ಬಿಡಬೇಕು, ಕೆಲಸಕ್ಕೆ ಹೊರಟವರಿಗೆ ಸುಮ್ಮನೆ ತಿರುಗುವವರು ಬಿಡಬೇಕು. ಇಷ್ಟು ಎಲ್ಲರಿಗೂ ಗೊತ್ತು, ಯಾರೂ ಜಗಳ ಮಾಡುವುದಿಲ್ಲ. ವರ್ಷಕ್ಕೊಮ್ಮೆ ಮೇಲಿನ ಓಣಿಯ ಹೆಂಗಸರಿಗೂ ಕೆಳಗಿನ ಓಣಿಯ ಹೆಂಗಸರಿಗೂ ಸಾಫ್ಟ್‌ಬಾಲ್ ಪಂದ್ಯ ನಡೆಯುತ್ತದೆ. ಆ ಆಟದಲ್ಲಿ ಯಾರನ್ನು ಅಂಪೈರ್ ‘ಅಡ್ಡ’ ಎಂದು ಕೂಗುತ್ತಾರೋ, ಅವಳು ಮುಂದಿನ ಪಂದ್ಯದ ತನಕ ಊರಿನ ಎಲ್ಲರಿಗೂ ದಾರಿ ಬಿಡಬೇಕು. ಹೊರೆ ಇರಲಿ, ಬಸಿರಿರಲಿ, ಜ್ವರವಿರಲಿ, ಎದುರಿಗೆ ಯಾರು ಬಂದರೂ ಅವಳೇ ಗೂಡಿಗೆ ಸೇರಬೇಕು. ಕೆಲವು ವರ್ಷ ಯಾರೂ ಅಡ್ಡ ಆಗುವುದಿಲ್ಲ. ಆದ ವರ್ಷ ಒಬ್ಬಳ ಬದುಕು ಗೂಡಿನಲ್ಲಿ ಕಳೆಯುತ್ತದೆ.

ಆಟ ಆಡದವರಿಗೆ ಒಂದು ಮಾತು ಹೇಳಬೇಕು. ಹೊಡೆದ ಚೆಂಡನ್ನು ಹಿಡಿಯಲು ಹೊರಟ ಫೀಲ್ಡರಿಗೆ ದಾರಿಯ ಹಕ್ಕಿದೆ. ಓಡುವವಳು ಅವಳನ್ನು ಸುತ್ತುಬಳಸಿ ಹೋಗಬೇಕು; ಹಾಯ್ದರೆ ಓಡುವವಳದೇ ತಪ್ಪು, ಅವಳೇ ಔಟ್, ಅವಳೇ ಅಡ್ಡ. ಫೀಲ್ಡರಿಗೂ ಚೆಂಡಿಗೂ ಸಂಬಂಧವೇ ಇಲ್ಲದೆ ಅವಳು ಸುಮ್ಮನೆ ದಾರಿಯಲ್ಲಿ ನಿಂತಿದ್ದರೆ ಮಾತ್ರ ತಪ್ಪು ಅವಳದು. ಯಾರು ಬಿದ್ದರು, ಯಾರಿಗೆ ನೋವಾಯಿತು, ಯಾರು ಅತ್ತರು ಎನ್ನುವುದು ಲೆಕ್ಕಕ್ಕಿಲ್ಲ. ಇದನ್ನು ನನಗೆ ಕಲಿಸಿದವರು ಅಡಿವೆಪ್ಪ ಮಾಸ್ತರರು. ಮೂವತ್ತು ವರ್ಷದಿಂದ ಅವರೇ ಊರಿನ ಮುಖ್ಯ ಅಂಪೈರ್. ನನ್ನ ಮೊಣಕಾಲು ಕೆಟ್ಟು ಆಟ ನಿಂತಾಗ ಕರೆದು, ಹೊಲಿಗೆ ಯಂತ್ರದ ಮುಂದಿನಿಂದ ಎಬ್ಬಿಸಿಕೊಂಡು ಹೋಗಿ, ಎರಡನೇ ಅಂಪೈರ್ ಮಾಡಿದವರೂ ಅವರೇ. ಅದಕ್ಕೂ ಮುಂಚೆ ಹೆಂಗಸರಾರೂ ಅಂಪೈರಿನ ಕರಿ ಟೋಪಿ ಹಾಕಿರಲಿಲ್ಲ.

ಫಕೀರವ್ವ ಕೆಳಗಿನ ಓಣಿಯವಳು. ಇಪ್ಪತ್ತೆರಡು ಮನೆಗಳಿಂದ ಬುತ್ತಿಯ ಡಬ್ಬಿ ಸೇರಿಸಿ, ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು, ಊರಾಚೆಯ ಮಗ್ಗದ ಶೆಡ್ಡುಗಳಿಗೆ ಮಧ್ಯಾಹ್ನದೊಳಗೆ ಮುಟ್ಟಿಸುವುದು ಅವಳ ಕೆಲಸ. ಆಟದಲ್ಲಿ ಎರಡನೇ ಬೇಸಿಗೂ ಮೂರನೆಯದಕ್ಕೂ ನಡುವೆ ನಿಲ್ಲುತ್ತಿದ್ದಳು. ನೆಲದ ಮೇಲೆ ಉರುಳಿ ಬರುವ ಚೆಂಡನ್ನು ಅವಳ ಹಾಗೆ ಹೆಕ್ಕುವವರು ನಮ್ಮಲ್ಲಿಲ್ಲ. ಬುಟ್ಟಿ ಹೊತ್ತು ಹೊತ್ತು ಅವಳ ಕುತ್ತಿಗೆ ಎಷ್ಟು ನೆಟ್ಟಗಿತ್ತೆಂದರೆ ಬಗ್ಗಿದಾಗಲೂ ತಲೆ ಅಲುಗುತ್ತಿರಲಿಲ್ಲ.

ಆ ದಿನ ಕೊನೆಯ ಸರದಿ, ಎರಡೂ ಕಡೆ ಸಮ ರನ್ನು. ಎರಡನೇ ಬೇಸಿನಲ್ಲಿ ಮೇಲಿನ ಓಣಿಯ ಮೃಣಾಲಿನಿ ಇದ್ದಳು. ಅವಳು ಗಿರಣಿಮನೆಯ ಹಿರಿಯ ಸೊಸೆ, ಒಳ್ಳೆಯ ಓಟಗಾತಿ. ಬ್ಯಾಟಿಗೆ ಬಡಿದ ಚೆಂಡು ನೆಲಕ್ಕಂಟಿಕೊಂಡು ಫಕೀರವ್ವನ ಎಡಕ್ಕೆ ಬಂತು. ಅವಳು ಮೂರು ಹೆಜ್ಜೆ ಸರಿದು ಬಗ್ಗಿದಳು. ಕೈಗವಸು ನೆಲ ಮುಟ್ಟಿತ್ತು. ಚೆಂಡು ಒಂದು ಮೊಳ ದೂರದಲ್ಲಿತ್ತು. ಮೃಣಾಲಿನಿ ಅವಳ ಹಿಂದಿನಿಂದ ಬಳಸಿ ಹೋಗಬಹುದಿತ್ತು, ಅಲ್ಲಿ ಎತ್ತಿನ ಗಾಡಿ ತಿರುಗುವಷ್ಟು ಜಾಗವಿತ್ತು. ಹೋಗಲಿಲ್ಲ. ನೇರ ಬಂದು ಹಾಯ್ದಳು. ಇಬ್ಬರೂ ಧೂಳಿನಲ್ಲಿ ಉರುಳಿದರು. ಮೃಣಾಲಿನಿ ಬಿದ್ದಲ್ಲಿಂದಲೇ ಚೀರಿದಳು. ಫಕೀರವ್ವ ಚೀರಲಿಲ್ಲ. ಎದ್ದು, ಊದಿಕೊಳ್ಳುತ್ತಿದ್ದ ಮಣಿಕಟ್ಟನ್ನು ಎದೆಗೆ ಒತ್ತಿ ಹಿಡಿದು, ಚೆಂಡು ಎಲ್ಲಿ ಹೋಯಿತೆಂದು ಹುಡುಕುತ್ತಿದ್ದಳು. ಆಟ ಇನ್ನೂ ಮುಗಿದಿಲ್ಲವಲ್ಲ, ಅದಕ್ಕೆ.

ಮಾಸ್ತರರು ಚೀರು ಕೇಳಿದ ಕಡೆಗೆ ನಡೆದು ಬಂದರು. ಗಿರಣಿಮನೆಯವರೆಲ್ಲ ಎದ್ದು ನಿಂತಿದ್ದರು. ಮಾಸ್ತರರು ನನ್ನ ಕಡೆ ತಿರುಗಿ, “ಇಂದುಮತಿ, ನೀ ಏನ್ ನೋಡಿದಿ?” ಎಂದರು.

ಹೇಳಬೇಕಾದದ್ದು ಒಂದೇ ಮಾತು. ಆದರೆ ಅವರ ಒಂದು ಕೈ ಆಗಲೇ ಅರ್ಧ ಎದ್ದು ಫಕೀರವ್ವನ ದಿಕ್ಕಿಗೆ ತಿರುಗಿತ್ತು. ಮಾಸ್ತರರು ಎತ್ತಿದ ಕೈಯನ್ನು ನಾನು ಯಾವತ್ತೂ ಇಳಿಸಿದವಳಲ್ಲ. ಆರನೇ ಇಯತ್ತೆಯಿಂದ ಅವರ ಮುಂದೆ ಕೈಕಟ್ಟಿ ನಿಂತ ದೇಹ ಇದು. “ಧೂಳ ಭಾಳ ಇತ್ತ್ರಿ ಸರ್, ಸರಿಯಾಗಿ ಕಾಣಲಿಲ್ಲ” ಎಂದುಬಿಟ್ಟೆ.

ಅವರು ಎರಡೂ ಕೈ ಎತ್ತಿ ಫಕೀರವ್ವನನ್ನು ಅಡ್ಡ ಎಂದು ಕೂಗಿದರು. ಮೃಣಾಲಿನಿಗೆ ಮೂರನೇ ಬೇಸ್ ಸಿಕ್ಕಿತು, ಮುಂದಿನ ಹೊಡೆತಕ್ಕೆ ಅವಳು ಹೋಮ್ ಬೇಸ್ ಮುಟ್ಟಿ ರನ್ನು ಗಳಿಸಿದಳು, ಕೆಳಗಿನ ಓಣಿ ಸೋತಿತು. ಸೋಲು ದೊಡ್ಡ ಮಾತಲ್ಲ. ಫಕೀರವ್ವ ನನ್ನ ಮುಖವನ್ನೇ ನೋಡುತ್ತ ನಿಂತಳು. ಬೈಯಲಿಲ್ಲ. ಅಷ್ಟು ಹತ್ತಿರದಲ್ಲಿದ್ದವಳಿಗೆ ಹೇಗೆ ಕಾಣಲಿಲ್ಲ ಎಂದು ಅವಳು ನಿಜವಾಗಿಯೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ.

ಮರುದಿನದಿಂದಲೇ ಶುರುವಾಯಿತು. ಕೆಳಗಿನ ಓಣಿಯಿಂದ ಮಗ್ಗದ ಶೆಡ್ಡಿಗೆ ಹೋಗುವ ದಾರಿಯಲ್ಲಿ ನಲವತ್ತು ಗೂಡುಗಳಿವೆ. ಫಕೀರವ್ವ ಎಲ್ಲದರಲ್ಲೂ ನಿಲ್ಲಬೇಕಾಯಿತು. ಸಂತೆಯಿಂದ ಬರುವವರು, ಕ್ಷೌರಕ್ಕೆ ಹೋಗುವವರು, ಎಲೆಯಡಿಕೆ ಜಗಿಯುತ್ತ ಸುಮ್ಮನೆ ಗಾಳಿಗೆ ಹೊರಟವರು, ಎಲ್ಲರೂ ದಾಟುವ ತನಕ ತಲೆಯ ಮೇಲೆ ಇಪ್ಪತ್ತೆರಡು ಡಬ್ಬಿ ಹೊತ್ತು, ಗೋಡೆಗೆ ಬೆನ್ನು ಹಚ್ಚಿ, ಊದಿದ ಕೈಯಲ್ಲೇ ಬುಟ್ಟಿ ಹಿಡಿದು ನಿಲ್ಲುತ್ತಿದ್ದಳು. ದಾಟುವವರಿಗೆ ಅವಸರವಿರಲಿಲ್ಲ. ಗೂಡಿನ ಮುಂದೆಯೇ ನಿಂತು ಬೀಡಿ ಹಚ್ಚಿದವನನ್ನು ನಾನು ಕಂಡಿದ್ದೇನೆ. ಹೊರೆ ಹೊತ್ತವಳಿಗೆ ದಾರಿ ಎಂದು ಮಕ್ಕಳಿಗೆ ಕಲಿಸುವ ಊರು ಇದು!

ಜನ ಹೊಂದಿಕೊಂಡರು. ಇದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು. ಬುತ್ತಿ ಕೊಡುವ ಮನೆಯವರು ಒಂದು ತಾಸು ಮೊದಲೇ ಅಡುಗೆ ಮಾಡತೊಡಗಿದರು. ನೇಕಾರರು ಬೆಳಿಗ್ಗೆ ಎರಡು ರೊಟ್ಟಿ ಹೆಚ್ಚಿಗೆ ತಿಂದು ಹೊರಟರು. ಅಂಬಲಿ ಹಳಸುತ್ತದೆಂದು ಡಬ್ಬಿಯಿಂದ ಅದನ್ನು ತೆಗೆದರು. ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಮಾಡಿಕೊಂಡರು. ತೀರ್ಪು ಸರಿಯಿದೆಯೇ ಎಂದು ಒಬ್ಬರಾದರೂ ಕೇಳಬಾರದೇ? ಕೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಅಂಗಡಿಯ ಎದುರಿಗೇ ಒಂದು ಗೂಡಿದೆ. ಅವಳು ಅಲ್ಲಿ ನಿಂತಾಗೆಲ್ಲ ನಾನು ಯಂತ್ರದ ಮೇಲೆ ಬಗ್ಗಿ, ಹೊಲಿಗೆ ಇಲ್ಲದಿದ್ದರೂ ಗಾಲಿ ತಿರುಗಿಸುತ್ತಿದ್ದೆ.

ಎರಡು ತಿಂಗಳಾದ ಮೇಲೆ ಮೃಣಾಲಿನಿ ಕುಪ್ಪಸದ ಅಳತೆ ಕೊಡಲು ಬಂದಳು. ತೋಳಿನ ಅಳತೆ ತೆಗೆಯುತ್ತಿದ್ದಾಗ, ನನ್ನ ಕಡೆ ನೋಡದೆ, “ಇಂದಕ್ಕಾ, ನಾ ಆಕಿನ್ನ ನೋಡಿದ್ದೆ” ಎಂದಳು.

“ಯಾರನ್ನ?”

“ಫಕೀರವ್ವನ್ನ. ಬಗ್ಗಿದ್ದು ನೋಡಿದ್ದೆ. ಸರದು ಹೋಗಬಹುದಿತ್ತು. ಹಾಯ್ದ್ರ ಚೆಂಡು ಬಿಡತಾಳ ಅಂತ ಅನಸ್ತು. ಹಾದೆ.”

ಟೇಪನ್ನು ಅವಳ ತೋಳಿನಿಂದ ತೆಗೆದೆ. “ಹಂಗಾದ್ರ ಅವತ್ತ ಯಾಕ ಹೇಳಲಿಲ್ಲ ನೀ?”

ಅವಳು ಈಗ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಅದಕ್ಕಿಂತ ಹೆಚ್ಚು ಸಿಟ್ಟಿತ್ತು. “ನನ್ನ ಯಾರ್ ಕೇಳಿದ್ರು ಅಕ್ಕಾ? ಮಾಸ್ತರ ನಿಮ್ಮನ್ನ ಕೇಳಿದ್ರು. ನೀವು ಧೂಳ ಅಂದ್ರಿ. ಧೂಳ ಎದ್ದದ್ದು ನಾವು ಬಿದ್ದಮ್ಯಾಲ.”

ಕುಪ್ಪಸದ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋದಳು. ಅವಳ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಆಡುವವರು ಗೆಲ್ಲಲು ಏನೇನೋ ಮಾಡುತ್ತಾರೆ. ಅದಕ್ಕೇ ಅಲ್ಲವೇ ಟೋಪಿ ಹಾಕಿದ ಇಬ್ಬರನ್ನು ಮೈದಾನದಲ್ಲಿ ನಿಲ್ಲಿಸುವುದು?

ಅದೇ ಸಂಜೆ ಮಾಸ್ತರರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಕುಳಿತು ರೇಡಿಯೋ ಕೇಳುತ್ತಿದ್ದರು. ನಿಂತೇ ಹೇಳಿದೆ. “ಸರ್, ಅವತ್ತ ನಾ ಸುಳ್ಳ ಹೇಳಿದೆ. ಧೂಳ ಇರಲಿಲ್ಲ. ಫಕೀರವ್ವ ಚೆಂಡಿಗೆ ಬಗ್ಗಿದ್ಲು. ಹಾದಾಕಿ ಮೃಣಾಲಿನಿ. ತೀರ್ಪು ತಿರುವಿ ಹೇಳ್ರಿ.”

ಅವರು ರೇಡಿಯೋ ಸಣ್ಣದು ಮಾಡಿದರು, ಆರಿಸಲಿಲ್ಲ. “ಒಮ್ಮೆ ಕೂಗಿದ್ದು ತಿರುವಿದ್ರ ನಾಳೆ ನಮ್ಮ ಮಾತ ಯಾರ್ ಕೇಳ್ತಾರ?”

“ತಪ್ಪ ಮಾತ ಯಾಕ ಕೇಳಬೇಕ್ರಿ ಸರ್?”

“ಭಾಳ ಮಾತ ಬಂದಾವು ನಿನಗ.” ಒಂದು ಬೆರಳು ಎತ್ತಿದರು. “ಕಾನೂನ ಗೊತ್ತಲ್ಲ? ಅಡ್ಡ ಆದ ಆಟಗಾರ್ತಿಗೆ ಒಂದ ವರ್ಷ. ಸುಳ್ಳ ಸಾಕ್ಷಿ ಹೇಳಿದ ಅಂಪೈರಿಗೆ ಬದುಕಿರೂತನಕ. ಚಾವಡಿ ಮುಂದ ನಿಂತ ಹೇಳೂ ಧೈರ್ಯ ಇದ್ರ ಹೇಳ ಹೋಗ. ಇಲ್ಲಂದ್ರ ಇನ್ನ ಹತ್ತ ತಿಂಗಳು. ಆಕಿ ಗಟ್ಟಿಮುಟ್ಟ ಇದ್ದಾಳ, ತಡಕೋತಾಳ.”

ತಡಕೋತಾಳ. ಎಷ್ಟು ಸುಲಭದ ಮಾತು! ನಿಲ್ಲುವವಳು ಗಟ್ಟಿಯಾಗಿದ್ದರೆ ನಿಲ್ಲಿಸಿದವರ ತಪ್ಪು ತಪ್ಪಲ್ಲ. ಉರಿಯುತ್ತ ಹೊರಟೆ. ಆದರೆ ಚಾವಡಿಗೆ ಹೋಗಲಿಲ್ಲ, ಮನೆಗೆ ಹೋದೆ. ಬದುಕಿರುವ ತನಕ ಎಂಬುದು ಸಣ್ಣ ಮಾತಲ್ಲ. ನನಗಾಗ ನಲವತ್ತಾರು. ನಮ್ಮವ್ವ ತೊಂಬತ್ತೊಂದು ಬದುಕಿದವಳು. ಇನ್ನೂ ಎರಡು ತಿಂಗಳು ಗಾಲಿ ತಿರುಗಿಸಿದೆ.

ಆಮೇಲೆ ಸಂಗಪ್ಪಜ್ಜ ಮಗ್ಗದ ಮೇಲೆ ಬಿದ್ದ. ಎಪ್ಪತ್ತು ದಾಟಿದ ನೇಕಾರ, ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಅನ್ನ ಬೀಳಲೇಬೇಕು. ಆ ದಿನ ಮೇಲಿನ ಓಣಿಯಲ್ಲಿ ಬೀಗರ ಊಟವಿತ್ತು. ಅರವತ್ತು ಜನ ಸಾಲುಗಟ್ಟಿ ನಗುತ್ತ, ಹರಟುತ್ತ ದಾಟಿದರು. ಫಕೀರವ್ವ ಗೂಡಿನಿಂದ, “ಅಣ್ಣಾರ, ಒಂದ ಸ್ವಲ್ಪ ಬಿಡ್ರಿ, ಅಜ್ಜನ ಬುತ್ತಿ ಐತಿ” ಎಂದು ಕೂಗಿಕೊಂಡಳಂತೆ. ಯಾರೂ ನಿಲ್ಲಲಿಲ್ಲ. ಬುತ್ತಿ ಮುಟ್ಟಿದಾಗ ಎರಡೂವರೆ. ಬೆವರಿನಲ್ಲಿ ತೊಯ್ದಿದ್ದ ಅಜ್ಜನನ್ನು ಆಗಲೇ ನೆಲಕ್ಕೆ ಮಲಗಿಸಿ ಬಾಯಿಗೆ ಬೆಲ್ಲದ ನೀರು ಬಿಡುತ್ತಿದ್ದರು. ಬದುಕಿದ, ಪುಣ್ಯ. ಶೆಡ್ಡಿನ ಮೇಸ್ತ್ರಿ ಫಕೀರವ್ವನ ತಲೆಯಿಂದ ಬುಟ್ಟಿ ಇಳಿಸಿಕೊಂಡು, “ನಾಳಿಂದ ಬರಬ್ಯಾಡ ನೀ. ಅಡ್ಡಾದಾಕಿ ಕೈಲೆ ಬುತ್ತಿ ಕಳಿಸಿದ್ದೇ ನಮ್ಮ ತಪ್ಪು” ಎಂದ. ಅರವತ್ತು ಜನರದು ತಪ್ಪಲ್ಲ. ಮಾಸ್ತರರದಲ್ಲ. ನನ್ನದಲ್ಲ. ತಪ್ಪು ಅವಳದು!

ಸುದ್ದಿ ಅಂಗಡಿಗೆ ಬಂದಾಗ ಕತ್ತರಿ ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡೇ ಎದ್ದು ಬಂದಿದ್ದೇನೆಂದು ಚಾವಡಿ ಮುಟ್ಟಿದ ಮೇಲೆ ಗೊತ್ತಾಯಿತು. ಕಟ್ಟೆ ಹತ್ತಿ ಕೂಗಿದೆ. ಏನು ಕೂಗಿದೆನೋ ಪೂರ್ತಿ ನೆನಪಿಲ್ಲ. ಫಕೀರವ್ವ ಚೆಂಡಿಗೆ ಬಗ್ಗಿದ್ದಳು ಎಂದೆ, ಮೃಣಾಲಿನಿ ಹಾಯ್ದಳು ಎಂದೆ, ನಾನು ನೋಡಿದೆ, ನೋಡಿಯೂ ಧೂಳು ಎಂದೆ ಎಂದೆ. ಇವತ್ತು ಅಜ್ಜನನ್ನು ಕೆಡವಿದ್ದು ಅವಳಲ್ಲ, ನಾನು, ಮತ್ತೆ ಊಟ ಮಾಡಿ ಬಾಯಿ ಒರೆಸಿಕೊಂಡು ದಾಟಿದ ನೀವು ಎಂದೆ. ಜನ ಸೇರಿದರು. ಮೃಣಾಲಿನಿಯನ್ನು ಕರೆಸಿದರು. ಅವಳು ಎಲ್ಲರ ಮುಂದೆ, “ಹೌದು, ನಾನs ಹಾದೆ” ಎಂದಳು. ಈ ಸಲ ಅವಳನ್ನು ಕೇಳಿದ್ದರು, ಹೇಳಿದಳು.

ಮಾಸ್ತರರು ಬಂದರು. ನಿಧಾನವಾಗಿ, ಎಲ್ಲರಿಗೂ ಕೇಳುವಂತೆ, “ಎರಡನೇ ಅಂಪೈರ್ ಮುಖ್ಯ ಅಂಪೈರನ್ನ ದಾರಿ ತಪ್ಪಿಸ್ಯಾಳ. ಆಕಿ ಮಾತ ನಂಬಿ ನಾ ಕೂಗಿದೆ” ಎಂದರು. ನಾನು ಬಾಯಿ ತೆರೆಯುವ ಮೊದಲೇ ಎತ್ತಿದ್ದ ಕೈ ಅದು! ಅದನ್ನೂ ಹೇಳಿದೆ. ಯಾರೂ ಕಿವಿಗೊಡಲಿಲ್ಲ, ಸುಳ್ಳು ಹೇಳಿದೆನೆಂದು ಒಪ್ಪಿಕೊಂಡವಳ ಮಾತು ಯಾರು ಕೇಳುತ್ತಾರೆ? ಗುಮಾಸ್ತ ಹಲಗೆಯಿಂದ ಫಕೀರವ್ವನ ಹೆಸರು ಒರೆಸಿ ಮೃಣಾಲಿನಿಯ ಹೆಸರು ಬರೆದ. ಅದರ ಕೆಳಗೆ ನನ್ನ ಹೆಸರನ್ನು ಬಣ್ಣದಲ್ಲಿ ಬರೆದ, ಸೀಮೆಸುಣ್ಣದಲ್ಲಿ ಅಲ್ಲ. ಮಾಸ್ತರರ ಟೋಪಿ ಅವರ ತಲೆಯ ಮೇಲೆಯೇ ಉಳಿಯಿತು.

ಫಕೀರವ್ವನ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಅವಳು ಮಣಿಕಟ್ಟಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಆ ಎಲುಬು ಸೊಟ್ಟಗೇ ಕೂಡಿತ್ತು. “ಹೇಳಿ ಬಂದೆ” ಎಂದೆ.

“ಕೇಳಿದೆ” ಎಂದಳು. “ನಾಕ ತಿಂಗಳಾತು ಅಕ್ಕಾ. ನಿಮ್ಮ ಅಂಗಡಿ ಮುಂದಿನ ಗೂಡಿನ್ಯಾಗ ದಿನಾ ನಿಂತೀನಿ. ಒಂದ ದಿನ ತಲಿ ಎತ್ತಿ ನೋಡಿದ್ರ ಆಗ ಒಂದ ಮಾತಿತ್ತು. ಈಗ ಅಜ್ಜ ಬಿದ್ದಮ್ಯಾಲ ಬಂದೀರಿ. ನಿಮ್ಮ ಮನಸು ಹಗೂರ ಆಗಿರಬೇಕು, ಆಗಲಿ. ನಂದೇನೂ ಹಗೂರ ಆಗಿಲ್ಲ.” ಇಷ್ಟು ಹೇಳಿ ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಅವಳ ಮಾತಿನಲ್ಲಿ ಒಂದು ಅಕ್ಷರವೂ ಹೆಚ್ಚಿರಲಿಲ್ಲ.

ಮೇಸ್ತ್ರಿ ಅವಳನ್ನು ಮತ್ತೆ ಕರೆದ, ಕ್ಷಮೆ ಕೇಳಲಿಲ್ಲ. ಅವಳು ಹೋದಳು. ನಾನು ಗೂಡು ಸೇರಿದೆ. ಜನ ನನ್ನನ್ನು ಹೊಗಳತೊಡಗಿದರು, ಎಂಥಾ ಸತ್ಯವಂತೆ ಎಂದು. ಗೂಡಿನ ಮುಂದೆ ದಾಟುವಾಗ ಕೈಮುಗಿಯುವವರೂ ಇದ್ದರು. ಕೈಮುಗಿದು ದಾಟುತ್ತಿದ್ದರು, ದಾಟುವುದನ್ನಂತೂ ಬಿಡಲಿಲ್ಲ.

ಹದಿನೈದು ದಿನವಾಗಿತ್ತು. ಮಧ್ಯಾಹ್ನದ ಮುಂದೆ, ಬಾವಿ ಓಣಿಯಲ್ಲಿ, ಹಿಂದಿನಿಂದ ಮಾಸ್ತರರ ಕೆಮ್ಮು ಕೇಳಿ ಗೂಡಿಗೆ ಸರಿದೆ. ಅವರು ಗೋಡೆಗೆ ಬೆರಳು ಸವರಿಕೊಂಡು, ನನ್ನನ್ನು ಮಾತಾಡಿಸದೆ ದಾಟಿದರು. ಎದುರಿನಿಂದ ಫಕೀರವ್ವ ತುಂಬಿದ ಬುಟ್ಟಿ ಹೊತ್ತು ಬರುತ್ತಿದ್ದಳು, ಅವಳ ಹಿಂದೆ ಏಳೆಂಟು ಜನ. “ಹೊರಿ ಐತ್ರಿ, ಹೊರಿ” ಎಂದು ಕೂಗಿದಳು. ಮಾಸ್ತರರು ಸರಿಯಲಿಲ್ಲ. ಅವರಿಗೆ ಹೊರೆ ಹೊತ್ತವರೂ ದಾರಿ ಬಿಡುವುದು ಊರಿನ ರೂಢಿಯಾಗಿತ್ತು. ಫಕೀರವ್ವ ಈ ಸಲ ಬಿಡಲಿಲ್ಲ. ಇಬ್ಬರೂ ಒಂದು ಗೇಣು ಅಂತರದಲ್ಲಿ ನಿಂತರು.

“ಯಾರದು? ದೊಡ್ಡವರ ಬರೂದು ಕಾಣೂದಿಲ್ಲೇನು?” ಎಂದರು ಮಾಸ್ತರರು.

ಫಕೀರವ್ವ ಅವರ ಮುಖವನ್ನು, ಆ ಕಣ್ಣುಗಳನ್ನು, ಹಾಲು ಬೆರೆಸಿದಂತಿದ್ದ ಆ ಗುಡ್ಡೆಗಳನ್ನು ನೋಡಿದಳು. “ನೀವs ಹೇಳ್ರಿ ಸರ್. ನಾ ಯಾರು?”

“ಗಂಗವ್ವ?” ಎಂದರು. “ನೀಲವ್ವ?”

ಎಲ್ಲರೂ ಅವರಿಗೆ ದಾರಿ ಬಿಡುತ್ತಿದ್ದರು, ಎಲ್ಲರೂ ಮೊದಲೇ ನಮಸ್ಕಾರ ಎಂದು ದನಿ ಕೊಡುತ್ತಿದ್ದರು. ಅವರಿಗೆ ಕಣ್ಣು ಕಾಣಬೇಕಾದ ಅಗತ್ಯವೇ ಬಿದ್ದಿರಲಿಲ್ಲ. ಆ ದಿನ ಚೀರು ಕೇಳಿದ ಕಡೆಗೆ ನಡೆದು ಬಂದಿದ್ದರಲ್ಲ! ನನ್ನನ್ನು ಕೇಳಿದ್ದು ಎರಡನೇ ಅಂಪೈರ್ ಎಂಬ ಮರ್ಯಾದೆಗಲ್ಲ.

“ಫಕೀರವ್ವರೀ ಸರ್,” ಎಂದಳು ಅವಳು. ದನಿ ಏರಲಿಲ್ಲ. “ಮೂಗಿನ ಮುಂದ ನಿಂತಾಕಿ ಕಾಣಲಿಲ್ಲ ನಿಮಗ. ಎಪ್ಪತ್ತ ಅಡಿ ದೂರ ಬಗ್ಗಿದಾಕಿ ಹೆಂಗ ಕಂಡ್ಲರಿ?”

ಮಾಸ್ತರರ ಕೈ ಗೋಡೆಯ ಮೇಲೆ ಗೂಡು ಹುಡುಕಿತು. ಅಲ್ಲಿ ಗೂಡಿರಲಿಲ್ಲ. “ದಾರಿ ಬಿಡವಾ” ಎಂದರು.

“ಬಿಡೂದಿಲ್ಲರಿ.” ತಲೆಯಿಂದ ಬುಟ್ಟಿ ಇಳಿಸಿ ಹಿಂದಿದ್ದವನ ಕೈಗೆ ಕೊಟ್ಟಳು. “ಅಣ್ಣಾ, ಹಿಂದಕ್ಕ ಹೋಗಿ ಕೆರಿ ದಂಡಿ ಹಿಡಕೊಂಡ ಶೆಡ್ಡಿಗೆ ಮುಟ್ಟಸ. ಮ್ಯಾಲಿಂದ ಮೊದಲನೇದು ಸಂಗಪ್ಪಜ್ಜಂದು.” ಬುಟ್ಟಿ ತಲೆಯಿಂದ ತಲೆಗೆ ಹಿಂದಕ್ಕೆ ಸಾಗಿ ಓಣಿಯ ಬಾಯಿಯಿಂದ ಹೊರಬಿತ್ತು. ಅವಳು ಸೆರಗು ಸಿಕ್ಕಿಸಿಕೊಂಡು ನಿಂತಳು. “ಈಗ ಹೇಳ್ರಿ ಸರ್. ನಿಲ್ಲೂದು ನನಗ ರೂಢಿ ಆಗೇತಿ.”

ಅವಳ ಹಿಂದೆ ಜನ ಕೂಡಿದರು. ನನ್ನ ಕಡೆಯಿಂದಲೂ ಬಂದವರು ನಿಂತರು. ದಾಟಲು ಯಾರಿಗೂ ಎಡೆಯಿರಲಿಲ್ಲ. ಯಾರೋ ಗೊಣಗಿದರು, ಮತ್ಯಾರೋ ಸುಮ್ಮನಿರು ಎಂದರು. ಮಾಸ್ತರರು ಬಹಳ ಹೊತ್ತು ನಿಂತರು. ಬೆವರು ಕಿವಿಯ ಹಿಂದಿನಿಂದ ಇಳಿದು ಅಂಗಿಯ ಕಾಲರು ತೊಯ್ದಿತು. ಕೊನೆಗೆ ತಲೆ ತಗ್ಗಿಸಿ, ಅವಳೊಬ್ಬಳಿಗೇ ಕೇಳುವಂತೆ, “ಕಾಣಲಿಲ್ಲ” ಎಂದರು.

“ಗಟ್ಟಿಗೆ ಹೇಳ್ರಿ ಸರ್,” ಎಂದಳು ಫಕೀರವ್ವ. “ಹಿಂದ ನಿಂತವರಿಗೆ ಕೇಳಲಿಲ್ಲ.”